ಅಜ್ಜಿ ಕಾಲದ ಗೆಜ್ಜೆ ವಸ್ತ್ರ, ಹೂಬತ್ತಿ: ಮನೆಯಲ್ಲೇ ಮಾಡುವ ಕ್ರಮ, ಹಂತ ಹಂತವಾಗಿ

ಆಷಾಢ ಮುಗಿಯುತ್ತಾ ಬಂತೆಂದರೆ ಓದುಗರಿಂದ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. "ಅಜ್ಜಿ ಮಾಡ್ತಿದ್ದ ಹಾಗೆ ಗೆಜ್ಜೆ ವಸ್ತ್ರ ನಮ್ಮ ಕೈಲಿ ಯಾಕೆ ಬರಲ್ಲ?" "ಮೆಡಿಕಲ್ ಶಾಪಿನ ಹತ್ತಿ ಆಗುತ್ತಾ?" "ಗೌರಿಗೆ ಎಷ್ಟು ಎಳೆ, ಗಣೇಶನಿಗೆ ಎಷ್ಟು ಗೆಜ್ಜೆ?" "ಬತ್ತಿ ಹೊಗೆ ಬಿಡುತ್ತೆ, ಏನು ಮಾಡಲಿ?" ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವುದಕ್ಕಿಂತ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ಹಾಸನ, ಚಿಕ್ಕಮಗಳೂರು ಕಡೆಯ ಹವಾಮಾನ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು. ಅದು ಯಾಕೆ ಮುಖ್ಯ ಅನ್ನೋದು ಮುಂದೆ ಗೊತ್ತಾಗುತ್ತದೆ.

ಅಜ್ಜಿಯರ ಕೈಯಲ್ಲಿ ಏನೋ ಜಾದೂ ಇತ್ತು ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಅಭ್ಯಾಸ ಇತ್ತು, ನಿಜ. ಆದರೆ ಅವರ ಕೆಲಸದ ಮುಕ್ಕಾಲು ಭಾಗ ಹತ್ತಿ ಬಿಡಿಸುವಾಗಲೇ ಮುಗಿದಿರುತ್ತಿತ್ತು. ನಾವು ಆ ಭಾಗವನ್ನು ಬಿಟ್ಟು, ಪ್ಯಾಕೆಟ್ ಒಡೆದು ನೇರ ಹೊಸೆಯಲು ಕೂರುತ್ತೇವೆ. ಕೆಡುವುದು ಅಲ್ಲೇ.

ಕೆಲವು ಮಾತುಗಳ ಅರ್ಥ

ಹೊಸಬರೂ ಓದುತ್ತಾರೆ, ಅದಕ್ಕೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ದೇವರಿಗೆ ಏರಿಸುವ ಹತ್ತಿಯ ಹಾರವೇ ಗೆಜ್ಜೆ ವಸ್ತ್ರ. ಅದರಲ್ಲಿ ಉಬ್ಬಿದ ಒಂದೊಂದು ಗುಂಡೂ ಒಂದು ಗೆಜ್ಜೆ. ಎರಡು ಗೆಜ್ಜೆಗಳ ನಡುವೆ ಹೊಸೆದ ಸಣ್ಣ ಭಾಗವನ್ನು ಈ ಲೇಖನದಲ್ಲಿ ಕತ್ತು ಅನ್ನುತ್ತೇನೆ. ಎಳೆ ಅಂದರೆ ಒಂದು ಇಡೀ ಸಾಲು. ಬೀಜ ತೆಗೆದ ಹತ್ತಿ ಅರಳೆ. ಅರಳೆಯನ್ನು ಬೆರಳಲ್ಲಿ ಎಳೆದೆಳೆದು ಹಗುರ ಮಾಡುವುದು ಹಿಂಜುವುದು. ಹಿಂಜಿದ್ದನ್ನು ಉದ್ದಕ್ಕೆ ಸಡಿಲವಾಗಿ ಸುತ್ತಿದರೆ ಹಂಜಿ.

ಯಾವಾಗ ಮಾಡಬೇಕು?

ಗೌರಿ ಹಬ್ಬ ಭಾದ್ರಪದ ಶುಕ್ಲ ತದಿಗೆ, ಮಾರನೆಯ ದಿನ ಚೌತಿ. ಅಂದರೆ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್. ಅರಸೀಕೆರೆ, ಕಡೂರು ಕಡೆಯವರಿಗೆ ಅಷ್ಟು ಹೊತ್ತಿಗೆ ಬಿಸಿಲು ಸಿಗುತ್ತದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪದವರಿಗೆ ಶ್ರಾವಣದಲ್ಲಿ ಸೂರ್ಯನ ಮುಖ ಕಾಣುವುದೇ ಅಪರೂಪ. ತಂಡಿ ಹಿಡಿದ ಹತ್ತಿ ಬೆರಳಿಗೆ ಅಂಟುತ್ತದೆ, ಉಬ್ಬುವುದಿಲ್ಲ. ಹಾಕಿದ ಬಣ್ಣ ಒಣಗುವುದಿಲ್ಲ. ಹಾಗಾಗಿ ಮಲೆನಾಡಿನವರು ಹತ್ತಿ ಹಿಂಜುವ ಕೆಲಸವನ್ನು ಏಪ್ರಿಲ್, ಮೇ ತಿಂಗಳಲ್ಲೇ ಮುಗಿಸಿ ಡಬ್ಬದಲ್ಲಿ ತುಂಬಿಡಿ. ಹೊಸೆಯುವುದು, ಬಣ್ಣ ಹಾಕುವುದು ಹಬ್ಬಕ್ಕೆ ಎರಡು ವಾರ ಇದ್ದಾಗ ಮಾಡಿದರೂ ನಡೆಯುತ್ತದೆ. ಬಯಲುಸೀಮೆಯವರಿಗೆ ಈ ಅವಸರ ಇಲ್ಲ.

ಬೇಕಾಗುವ ಸಾಮಾನು

ಅರಳೆ, ಸ್ವಲ್ಪ ವಿಭೂತಿ, ಎರಡು ಚಮಚ ಹಸಿ ಹಾಲು ಅಥವಾ ನೀರು, ಅರಿಶಿನ, ಕುಂಕುಮ, ಬಣ್ಣ ಇಡಲು ಉರಿದು ಮುಗಿದ ಊದುಬತ್ತಿ ಕಡ್ಡಿ, ಕೂರಲು ಚಾಪೆ, ತೆಗೆದಿಡಲು ಅಗಲ ಬಾಯಿಯ ಡಬ್ಬ. ಇಷ್ಟೇ. ಫ್ಯಾನ್ ಮಾತ್ರ ಆರಿಸಿ ಕೂತುಕೊಳ್ಳಿ.

ಹತ್ತಿ ಎಲ್ಲಿ ಸಿಗುತ್ತದೆ ಅಂತ ಕೇಳುತ್ತೀರಿ. ಗ್ರಂಧಿಗೆ ಅಂಗಡಿಯಲ್ಲಿ ಕೇಳಿ. ಪೂಜೆ ಸಾಮಾನು, ನಾರು ಬೇರು ಎಲ್ಲ ಮಾರುತ್ತಾರಲ್ಲ, ಆ ಅಂಗಡಿ. ಹಾಸನದವರು ಕಟ್ಟಿನಕೆರೆ ಮಾರುಕಟ್ಟೆ ಸುತ್ತಮುತ್ತ, ಚಿಕ್ಕಮಗಳೂರಿನವರು ಎಂ.ಜಿ. ರಸ್ತೆ ಕಡೆ ಹುಡುಕಬಹುದು. ಹಿತ್ತಲಲ್ಲಿ ಹತ್ತಿ ಗಿಡ ಇದ್ದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಹಿಂದೆ ದೇವರ ಬತ್ತಿಗೆ ಅಂತಲೇ ಒಂದೆರಡು ಗಿಡ ಹಾಕಿಕೊಳ್ಳುತ್ತಿದ್ದರು. ಜಾಗ ಇದ್ದರೆ ನೀವೂ ಹಾಕಿ. ಹೆಚ್ಚು ಆರೈಕೆ ಬೇಡದ ಗಿಡ.

ಹಂತ 1: ಹತ್ತಿ ಪರೀಕ್ಷೆ

ಮೂರು ಬಗೆಯ ಹತ್ತಿಯಲ್ಲಿ ಜನ ಮೋಸ ಹೋಗುತ್ತಾರೆ.

ಮೊದಲನೆಯದು ಬೂರುಗದ ಹತ್ತಿ. ನೋಡಲು ರೇಷ್ಮೆ, ದಿಂಬಿಗೆ ಬಹಳ ಚೆಂದ. ಆದರೆ ಅದರ ನಾರು ನುಣುಪು, ಒಂದಕ್ಕೊಂದು ಹಿಡಿದುಕೊಳ್ಳುವುದಿಲ್ಲ. ಎಷ್ಟು ಹೊಸೆದರೂ ಬಿಚ್ಚಿಕೊಳ್ಳುತ್ತದೆ.

ಎರಡನೆಯದು ದಿಂಬು, ಗೊಂಬೆಗೆ ತುಂಬುವ ಪಾಲಿಯೆಸ್ಟರ್. ಇದನ್ನು ಹತ್ತಿ ಅಂತಲೇ ಮಾರುವವರೂ ಇದ್ದಾರೆ. ಒಂದು ಚೂರು ತೆಗೆದು ಇಕ್ಕಳದಲ್ಲಿ ಹಿಡಿದು ಬೆಂಕಿ ತೋರಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಮುದುಡಿ, ಕರಗಿ, ಕೊನೆಗೆ ಗಟ್ಟಿ ಗುಂಡಾಗುತ್ತದೆ. ಅದರಲ್ಲಿ ಬತ್ತಿ ಮಾಡಿದರೆ ಅಪಾಯ, ಮಾಡಲೇಬೇಡಿ.

ಮೂರನೆಯದು ಮೆಡಿಕಲ್ ಶಾಪಿನ ಹತ್ತಿ ಸುರುಳಿ. ಇದು ಮೋಸ ಅಲ್ಲ, ಅಪ್ಪಟ ಹತ್ತಿಯೇ. ಆದರೆ ಹತ್ತಿಯ ಮೇಲೆ ಸಹಜವಾಗಿ ಇರುವ ಮೇಣದ ಅಂಶವನ್ನು ಅದರಲ್ಲಿ ತೆಗೆದಿರುತ್ತಾರೆ. ಗಾಯದ ರಕ್ತ, ಔಷಧಿ ಬೇಗ ಹೀರಲಿ ಅಂತ. ಹಾಗಾಗಿ ಬೆರಳಿಗೆ ಸ್ವಲ್ಪ ಹಾಲು ಮುಟ್ಟಿಸಿಕೊಂಡರೂ ಅದು ಸರ್ರನೆ ಹೀರಿ ಮುದ್ದೆಯಾಗುತ್ತದೆ. ಈ ಹತ್ತಿ ಬಳಸುವುದಾದರೆ ಹಾಲು, ನೀರು ಎರಡೂ ಬೇಡ, ಬರೀ ವಿಭೂತಿ ಸಾಕು. ಬತ್ತಿಗಂತೂ ಧಾರಾಳವಾಗಿ ಬಳಸಬಹುದು.

ಹಂತ 2: ಬೀಜ ತೆಗೆಯುವುದು, ಹಿಂಜುವುದು

ಮನೆ ಗಿಡದ ಹತ್ತಿಯಾದರೆ ಮೊದಲು ಒಂದು ಗಂಟೆ ಬಿಸಿಲಿಗೆ ಹಾಕಿ. ಒಣಗಿದ ಹತ್ತಿಯಿಂದ ಬೀಜ ಸುಲಭವಾಗಿ ಬಿಡುತ್ತದೆ. ಬೀಜವನ್ನು ಎಡಗೈಯ ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು, ಬಲಗೈಯಲ್ಲಿ ನಾರನ್ನು ನಾಲ್ಕೂ ಕಡೆಗೆ ಎಳೆಯಿರಿ. ಬೀಜವನ್ನು ಕೀಳಲು ಹೋಗಬೇಡಿ. ಕಿತ್ತರೆ ಸಿಪ್ಪೆ ಚೂರು ಹತ್ತಿಯಲ್ಲೇ ಉಳಿದು, ಆಮೇಲೆ ಕಪ್ಪು ಚುಕ್ಕೆಯಾಗಿ ಕಾಣುತ್ತದೆ.

ಈಗ ಹಿಂಜುವುದು. ಒಂದು ಹಿಡಿ ಅರಳೆ ತೆಗೆದುಕೊಳ್ಳಿ. ಎರಡೂ ಕೈಯ ಬೆರಳ ತುದಿಯಲ್ಲಿ ಹಿಡಿದು ನಿಧಾನವಾಗಿ ಅಗಲಿಸಿ. ಎರಡು ಭಾಗ ಆಗುವ ಮೊದಲೇ ನಿಲ್ಲಿಸಿ, ಮಡಚಿ, ತಿರುಗಿಸಿ ಮತ್ತೆ ಅಗಲಿಸಿ. ಗಂಟು ಸಿಕ್ಕಿದರೆ ಅದನ್ನು ಬಿಡಿಸುತ್ತಾ ಕೂರಬೇಡಿ, ತೆಗೆದು ಪಕ್ಕಕ್ಕೆ ಹಾಕಿ. ಆ ಗಂಟುಗಳು ಬತ್ತಿಗೂ ಆಗುವುದಿಲ್ಲ. ಕುಂಕುಮ ಒರೆಸಲು ಇಟ್ಟುಕೊಳ್ಳಿ.

ಹಿಂಜಿದ್ದು ಸಾಕೋ ಇಲ್ಲವೋ ನೋಡುವುದು ಹೇಗೆ? ಪದರವನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಬೆಳಕು ಎಲ್ಲ ಕಡೆ ಒಂದೇ ಸಮ ಬರಬೇಕು. ಒಂದು ಕಡೆ ದಟ್ಟ, ಇನ್ನೊಂದು ಕಡೆ ತೆಳು ಕಂಡರೆ ಇನ್ನೊಂದು ಸುತ್ತು ಹಿಂಜಿ. ದಟ್ಟ ಇದ್ದ ಕಡೆ ಗೆಜ್ಜೆ ದಪ್ಪ ಆಗುತ್ತದೆ, ತೆಳು ಇದ್ದ ಕಡೆ ಎಳೆ ಹರಿಯುತ್ತದೆ. "ನನ್ನ ಗೆಜ್ಜೆ ಒಂದು ದೊಡ್ಡದು, ಒಂದು ಚಿಕ್ಕದು" ಅಂತ ಬರೆಯುವವರೆಲ್ಲ ಬೆರಳನ್ನು ಬೈದುಕೊಳ್ಳುತ್ತಾರೆ. ತಪ್ಪು ಬೆರಳಿನದಲ್ಲ, ಹಿಂಜಿದ್ದು ಸಾಲದು.

ಹಂತ 3: ಹಂಜಿ ಎಳೆಯುವುದು

ಹಿಂಜಿದ ಪದರವನ್ನು ಮಣೆ ಮೇಲೆ ಹಾಸಿ, ಅಂಗೈಯಲ್ಲಿ ಒಂದು ಕಡೆಯಿಂದ ಹಗುರವಾಗಿ ಉರುಳಿಸಿ. ಹೆಬ್ಬೆರಳು ದಪ್ಪದ ಸಡಿಲ ಸುರುಳಿ ಆಗುತ್ತದೆ. ಒತ್ತಬೇಡಿ. ಆಮೇಲೆ ಅದನ್ನು ಸ್ವಲ್ಪ ಸ್ವಲ್ಪವೇ ಉದ್ದಕ್ಕೆ ಎಳೆದು ಕಿರುಬೆರಳಿನ ದಪ್ಪಕ್ಕೆ ತನ್ನಿ. ಎಳೆಯುವಾಗ ಎರಡು ಕೈಗಳ ನಡುವೆ ಕನಿಷ್ಠ ನಾಲ್ಕು ಬೆರಳು ಅಂತರ ಇರಲಿ. ತೀರ ಹತ್ತಿರ ಹಿಡಿದರೆ ಒಂದೇ ನಾರಿನ ಎರಡು ತುದಿ ಎರಡೂ ಕೈಗೆ ಸಿಕ್ಕಿ, ಹಂಜಿ ಜಾರುವುದೇ ಇಲ್ಲ.

ಉದ್ದ ಎಷ್ಟು ಬೇಕು? ಎರಡು ಬೆರಳಿಗೊಂದು ಗೆಜ್ಜೆ ಅಂತ ಲೆಕ್ಕ ಇಟ್ಟರೆ 21 ಗೆಜ್ಜೆಗೆ ಸುಮಾರು ಒಂದೂಮುಕ್ಕಾಲು ಮೊಳ. ಎರಡು ತುದಿಗೆ ಅರ್ಧರ್ಧ ಗೇಣು ಸೇರಿಸಿಕೊಳ್ಳಿ. ಒಂದೇ ಹಂಜಿ ಅಷ್ಟು ಉದ್ದ ಬರದಿದ್ದರೆ ಎರಡರ ತುದಿ ತೆಳು ಮಾಡಿ, ಒಂದರ ಮೇಲೊಂದು ಇಟ್ಟು ಹೊಸೆದರೆ ಸೇರಿಕೊಳ್ಳುತ್ತದೆ.

ಹಂತ 4: ಗೆಜ್ಜೆ ಹೊಸೆಯುವುದು

ಬಲಗೈ ಹೆಬ್ಬೆರಳಿಗೂ ತೋರುಬೆರಳಿಗೂ ಚಿಟಿಕೆ ವಿಭೂತಿ ಹಚ್ಚಿಕೊಳ್ಳಿ. ಇದು ಬೆರಳ ಬೆವರು ಹೀರಿ ಹಿಡಿತ ಕೊಡುತ್ತದೆ. ಅರಳೆಯಾದರೆ ವಿಭೂತಿಯ ಬದಲು ಹಾಲು ಮುಟ್ಟಿಸಿಕೊಂಡೂ ಮಾಡಬಹುದು. ಆದರೆ ಮಲೆನಾಡಿನ ಮಳೆಗಾಲದಲ್ಲಿ ಹಾಲಿನ ಸಹವಾಸ ಬೇಡ ಅನ್ನುವುದು ನನ್ನ ಅಭಿಪ್ರಾಯ. ವಾಸನೆ ಬರುತ್ತದೆ, ಇರುವೆ ಮುತ್ತುತ್ತದೆ.

ಎಡತುದಿಯಿಂದ ಶುರು ಮಾಡಿ. ಮೊದಲು ಅರ್ಧ ಗೇಣು ಬರೀ ದಾರದ ಹಾಗೆ ಹೊಸೆಯಿರಿ. ಎರಡು ಬೆರಳು ಅಗಲ ಬಿಟ್ಟು, ಅಲ್ಲಿ ಹಂಜಿಯನ್ನು ಚಿವುಟಿ ಹಿಡಿದು ನಿಮ್ಮಿಂದ ಆಚೆಗೆ ನಾಲ್ಕೈದು ಸಲ ತಿರುಗಿಸಿ. ಒಂದು ಗೆಜ್ಜೆ ಆಯಿತು. ಈಗ ಎಡಗೈಯನ್ನು ಆ ಹೊಸೆದ ಕತ್ತಿಗೆ ತಂದು ಹಿಡಿದುಕೊಂಡು, ಮತ್ತೆ ಎರಡು ಬೆರಳು ಬಿಟ್ಟು ಮುಂದಿನದು.

ಇಲ್ಲಿ ಎರಡು ತಪ್ಪು ಆಗುತ್ತವೆ. ಒಂದು, ಒಮ್ಮೆ ಆಚೆಗೆ, ಒಮ್ಮೆ ಈಚೆಗೆ ತಿರುಗಿಸುವುದು. ಹಾಗೆ ಮಾಡಿದರೆ ಈಗ ಹೊಸೆದದ್ದು ಹಿಂದಿನದನ್ನು ಬಿಚ್ಚುತ್ತದೆ. ಕೊನೆತನಕ ಒಂದೇ ದಿಕ್ಕು. ಎರಡು, ಹಂಜಿಯ ಬಲತುದಿಯನ್ನು ಕಾಲ್ಬೆರಳಿಗೋ ಮೊಳೆಗೋ ಸಿಕ್ಕಿಸಿಕೊಳ್ಳುವುದು. ತುದಿ ಕಟ್ಟಿಹಾಕಿದರೆ ನೀವು ಹೊಸೆದಷ್ಟೂ ಮುಂದಿನ ಭಾಗದಲ್ಲಿ ಉಲ್ಟಾ ತಿರುವು ತುಂಬಿಕೊಳ್ಳುತ್ತದೆ, ಗೆಜ್ಜೆ ಉಬ್ಬುವುದಿಲ್ಲ. ಬಲತುದಿ ಮಡಿಲಲ್ಲಿ ಸಡಿಲವಾಗಿ ಬಿದ್ದಿರಲಿ.

ಇದು ಕೈಗೆ ಹತ್ತದಿದ್ದರೆ ಇನ್ನೊಂದು ದಾರಿ ಇದೆ. ಬಿಡಿ ಬಿಡಿ ಗೆಜ್ಜೆ ಮಾಡಿ ಜೋಡಿಸುವುದು. ನೆಲ್ಲಿಕಾಯಿ ಗಾತ್ರದ ಹತ್ತಿ ಉಂಡೆಗಳನ್ನು ಮೊದಲೇ ಎಣಿಸಿ ಇಟ್ಟುಕೊಳ್ಳಿ. ಪ್ರತಿಯೊಂದರ ಎರಡೂ ಕಡೆ ಸ್ವಲ್ಪ ಎಳೆದು ಬಾಲ ತೆಗೆಯಿರಿ. ಒಂದರ ಬಾಲವನ್ನು ಇನ್ನೊಂದರ ಬಾಲದ ಜೊತೆ ಸೇರಿಸಿ ಹೊಸೆಯಿರಿ. ಸಮಯ ಜಾಸ್ತಿ ಹಿಡಿಯುತ್ತದೆ. ಆದರೆ ಗಾತ್ರ ಒಂದೇ ಸಮ ಬರುತ್ತದೆ, ಎಣಿಕೆ ತಪ್ಪುವುದಿಲ್ಲ. ಮಕ್ಕಳನ್ನು ಕೂರಿಸಿಕೊಂಡು ಮಾಡುವುದಾದರೆ ಇದೇ ಒಳ್ಳೆಯದು.

ಹಂತ 5: ಎಷ್ಟು ಗೆಜ್ಜೆ, ಎಷ್ಟು ಎಳೆ?

ಸಾಮಾನ್ಯವಾಗಿ ನಡೆದುಬಂದಿರುವುದು ಹೀಗೆ. ಸ್ವರ್ಣಗೌರಿಗೆ 16 ಎಳೆ, ಕೈಗೆ ಕಟ್ಟುವ ಗೌರಿ ದಾರಕ್ಕೂ 16 ಎಳೆ, 16 ಗಂಟು. ಗಣೇಶನಿಗೆ 21 ಗೆಜ್ಜೆ. ವರಮಹಾಲಕ್ಷ್ಮಿ ದಾರಕ್ಕೆ 9 ಗಂಟು. ಅನಂತನ ವ್ರತ ಇರುವ ಮನೆಯಲ್ಲಿ ದಾರಕ್ಕೆ 14 ಗಂಟು. ಕೆಲವು ಮನೆಗಳಲ್ಲಿ ಗೌರಿಗೂ ಒಂದೇ ಎಳೆಯಲ್ಲಿ 16 ಗೆಜ್ಜೆ ಮಾಡಿ ಏರಿಸುತ್ತಾರೆ. ಕೈ ಪಳಗದವರಿಗೆ ಅದು ಹಗುರ.

ನಿಮ್ಮ ಮನೆಯ ಪದ್ಧತಿ ಬೇರೆ ಇದ್ದರೆ ಅದನ್ನೇ ಮಾಡಿ. ಒಂದೇ ಊರಿನ ಎರಡು ಮನೆಗಳಲ್ಲಿ ಎರಡು ಲೆಕ್ಕ ಇರುತ್ತದೆ, ಇಂಟರ್ನೆಟ್ ನೋಡಿ ಅತ್ತೆ ಜೊತೆ ಜಗಳ ಆಡುವಂಥ ವಿಷಯ ಇದಲ್ಲ.

ಮನೆಯ ಲೆಕ್ಕ ಏನು ಅಂತ ಗೊತ್ತಾಗಬೇಕಾದರೆ ಹಿರಿಯರನ್ನು ಕೇಳಬೇಕು. ಅದಕ್ಕೂ ಒಂದು ರೀತಿ ಇದೆ. "ಅಜ್ಜಿ, ಹೇಗೆ ಮಾಡೋದು ಹೇಳಿಕೊಡಿ" ಅಂದರೆ "ಅದರಲ್ಲೇನಿದೆ, ಸುಮ್ನೆ ಹೊಸೆಯೋದು" ಅನ್ನುತ್ತಾರೆ, ಅಷ್ಟೇ. ಕೇಳುವ ಬದಲು ಕೈಗೆ ಹತ್ತಿ ಕೊಡಿ. ಕೈ ಓಡಲು ಶುರುವಾದ ಮೇಲೆ ಬಾಯಿಯೂ ಬರುತ್ತದೆ. ಯಾರ ತವರಿನ ಪದ್ಧತಿ, ಯಾವ ಹಬ್ಬಕ್ಕೆ ಯಾವುದು, ಯಾವ ವರ್ಷದಿಂದ ಬಿಟ್ಟರು, ಎಲ್ಲ ಹೇಳುತ್ತಾರೆ. ಫೋನಿನಲ್ಲಿ ವಿಡಿಯೋ ಮಾಡುವುದಾದರೆ ಎದುರು ಕೂತು ಮಾಡಬೇಡಿ. ಅವರ ಹೆಗಲ ಹಿಂದೆ ನಿಂತು, ಕೈ ಮಾತ್ರ ಕಾಣುವ ಹಾಗೆ ಹಿಡಿಯಿರಿ. ಎದುರಿನಿಂದ ತೆಗೆದರೆ ಎಡ ಬಲ ಅದಲುಬದಲಾಗಿ, ನೋಡಿ ಕಲಿಯುವವರಿಗೆ ತಲೆಕೆಡುತ್ತದೆ. ಮಾತು ಕೇಳಿಸಲಿ, ಹಿಂದೆ ಟಿವಿ ಓಡುವುದು ಬೇಡ.

ಹಳೆಯ ಡಬ್ಬದಲ್ಲಿ ಅಜ್ಜಿ ಮಾಡಿದ ಒಂದು ಎಳೆ ಉಳಿದಿದ್ದರೆ ಅದನ್ನು ಏರಿಸಿ ಮುಗಿಸಬೇಡಿ. ಅಳತೆಗೆ ಇಟ್ಟುಕೊಳ್ಳಿ. ಗೆಜ್ಜೆ ಗಾತ್ರ, ಅಂತರ, ಎಣಿಕೆ ಮೂರೂ ಅದರಲ್ಲೇ ಇದೆ.

ಹಂತ 6: ಬಣ್ಣ, ಅಲಂಕಾರ

ಕುಂಕುಮಕ್ಕೆ ಎರಡು ಮೂರು ಹನಿ ನೀರು ಹಾಕಿ, ಚಮಚದಿಂದ ಬೀಳದಷ್ಟು ಗಟ್ಟಿಯಾಗಿ ಕಲಸಿ. ಊದುಬತ್ತಿ ಕಡ್ಡಿಯ ತುದಿಯಲ್ಲಿ ತೆಗೆದು ಹೊಸೆದ ಕತ್ತಿಗೆ ಮಾತ್ರ ಮುಟ್ಟಿಸಿ. ಅಲ್ಲಿ ಹತ್ತಿ ಬಿಗಿಯಾಗಿರುತ್ತದೆ, ಬಣ್ಣ ನಿಲ್ಲುತ್ತದೆ. ಗೆಜ್ಜೆಯ ಉಬ್ಬಿಗೆ ಮುಟ್ಟಿಸಿದರೆ ಹರಡಿಕೊಂಡು, ಉಬ್ಬು ಕುಸಿಯುತ್ತದೆ. ಒಂದು ಕತ್ತಿಗೆ ಕುಂಕುಮ, ಮುಂದಿನದಕ್ಕೆ ಅರಿಶಿನ ಇಡಬಹುದು. ಆದರೆ ಅರಿಶಿನ ಮೊದಲು ಇಟ್ಟು, ಒಣಗಿದ ಮೇಲೆ ಕುಂಕುಮ ಇಡಿ. ಎರಡೂ ಹಸಿ ಇದ್ದಾಗ ಒಂದಕ್ಕೊಂದು ತಾಗಿದರೆ ಎಲ್ಲ ಕಲೆಸಿಹೋಗುತ್ತದೆ.

ಒಣಗಿಸಲು ಹಗ್ಗಕ್ಕೆ ನೇತುಹಾಕಬೇಡಿ, ಎಳೆ ಜಗ್ಗುತ್ತದೆ. ಮೊರದಲ್ಲಿ ಹರಡಿ. ಮಳೆ ಹಿಡಿದಿದ್ದರೆ ಹಂಡೆ ಒಲೆಯಿಂದ ದೂರದಲ್ಲಿ, ಬಿಸಿ ಮಾತ್ರ ತಾಗುವ ಕಡೆ ಇಡಿ. ಹತ್ತಿಗೆ ಒಂದು ಕಿಡಿ ಸಾಕು.

ಚಮ್ಕಿ, ಜರಿ, ಬಣ್ಣದ ಕಾಗದ ಹಚ್ಚುವವರು ಅಂಟಿನ ಬಾಟಲಿ ಮುಟ್ಟಬೇಡಿ. ಅಂಟು ಹತ್ತಿಯ ಒಳಗೆ ಇಳಿದು ಗಟ್ಟಿಯಾಗುತ್ತದೆ. ಹಿಂದಿನವರು ಒಂದು ಅನ್ನದ ಅಗುಳನ್ನು ಬೆರಳಲ್ಲಿ ಹಿಸುಕಿ ಹಚ್ಚುತ್ತಿದ್ದರು. ಒಂದು ಅಗುಳಿಗೆ ನಾಲ್ಕು ಚಮ್ಕಿ ಹಿಡಿಯುತ್ತದೆ, ಹತ್ತಿಯೂ ಮೆತ್ತಗೆ ಉಳಿಯುತ್ತದೆ. ನನ್ನನ್ನು ಕೇಳಿದರೆ ಪ್ಲಾಸ್ಟಿಕ್ ಚಮ್ಕಿಯೇ ಬೇಡ. ಬಿಳಿ ಹತ್ತಿ, ನಡುನಡುವೆ ಕುಂಕುಮ, ಅಷ್ಟೇ ಚೆಂದ. ಗಣೇಶನ ಜೊತೆ ಕೆರೆಗೆ ಹೋಗುವ ಸಾಮಾನು ಬೇರೆ ಅದು.

ಹಂತ 7: ಹೂಬತ್ತಿ

ಗೆಜ್ಜೆ ವಸ್ತ್ರಕ್ಕೆ ಹಿಂಜಿದ ಹತ್ತಿ ಉಳಿದಿರುತ್ತದಲ್ಲ, ಅದರಲ್ಲೇ ಮಾಡಿ. ಹಾಸನಾಂಬೆಯ ಬಾಗಿಲು ತೆರೆಯುವ ಆಶ್ವಯುಜದಿಂದ ಹಿಡಿದು ಕಾರ್ತಿಕ ಮುಗಿಯುವತನಕ ಬತ್ತಿ ಖರ್ಚು ಜಾಸ್ತಿ. ಮೊದಲೇ ಮಾಡಿಟ್ಟರೆ ಅನುಕೂಲ.

ಚಿಟಿಕೆ ಹತ್ತಿ ತೆಗೆದು ಅಂಗೈ ಮೇಲೆ ಹತ್ತು ರೂಪಾಯಿ ನಾಣ್ಯದಗಲ ಹರಡಿ. ಅಂಚುಗಳನ್ನು ಎಡಗೈಯಲ್ಲಿ ಒಟ್ಟು ಮಾಡಿ, ನಡುವಿನ ಭಾಗವನ್ನು ಬಲಗೈಯಲ್ಲಿ ಮೇಲಕ್ಕೆ ಎಳೆದು ವಿಭೂತಿ ಬೆರಳಲ್ಲಿ ಹೊಸೆಯಿರಿ. ಬುಡ ಅಗಲ, ತುದಿ ಚೂಪು. ನೆಲದ ಮೇಲೆ ಇಟ್ಟರೆ ತಾನೇ ನಿಲ್ಲಬೇಕು. ಬೀಳುತ್ತಿದ್ದರೆ ಬುಡಕ್ಕೆ ಹತ್ತಿ ಸಾಲದು.

ಹೊಗೆ ಬರುವುದು ಸಾಮಾನ್ಯವಾಗಿ ತುದಿ ತೀರ ದಪ್ಪ ಅಥವಾ ಸಡಿಲ ಇದ್ದಾಗ. ಎಣ್ಣೆ ಅಗತ್ಯಕ್ಕಿಂತ ಹೆಚ್ಚು ಏರಿ, ಪೂರ್ತಿ ಉರಿಯದೆ ಹೊಗೆಯಾಗುತ್ತದೆ. ದೀಪ ಹಚ್ಚಿದ ಸ್ವಲ್ಪ ಹೊತ್ತಿಗೇ ಸೊರಗುತ್ತಿದ್ದರೆ ತುದಿ ತೀರ ಬಿಗಿ, ಎಣ್ಣೆ ಏರುತ್ತಿಲ್ಲ ಅಂತ ಅರ್ಥ. ಎಣ್ಣೆಗೆ ತಕ್ಕ ಹಾಗೆ ಹೊಸೆತವೂ ಬದಲಾಗಬೇಕು. ಹರಳೆಣ್ಣೆ ಮಂದ, ಅದಕ್ಕೆ ಸ್ವಲ್ಪ ಸಡಿಲ ಬತ್ತಿ. ಎಳ್ಳೆಣ್ಣೆಗೆ ಬಿಗಿ ಇದ್ದರೂ ನಡೆಯುತ್ತದೆ. ತೆಂಗಿನೆಣ್ಣೆ 24 ಡಿಗ್ರಿ ಸುತ್ತಮುತ್ತ ಹೆಪ್ಪುಗಟ್ಟಲು ಶುರು. ಚಿಕ್ಕಮಗಳೂರಿನ ಕಾರ್ತಿಕದ ಬೆಳಗಿನ ಜಾವಕ್ಕೆ ಅದು ಗಟ್ಟಿಯಾಗಿಯೇ ಇರುತ್ತದೆ. ಬತ್ತಿಯನ್ನು ಬೈಯುವ ಮೊದಲು ಎಣ್ಣೆ ಬಾಟಲಿಯನ್ನು ಬಿಸಿನೀರಿನಲ್ಲಿ ಐದು ನಿಮಿಷ ಇಡಿ.

ಮಂಗಳಾರತಿಗೆ ತುಪ್ಪದ ಬತ್ತಿ ಬೇಕಾದರೆ ಹೂಬತ್ತಿಯನ್ನು ಕರಗಿದ ತುಪ್ಪದಲ್ಲಿ ಅದ್ದಿ, ತಟ್ಟೆಯಲ್ಲಿ ಸಾಲಾಗಿ ನಿಲ್ಲಿಸಿ ಫ್ರಿಡ್ಜಿನಲ್ಲಿಡಿ. ಗಟ್ಟಿಯಾದ ಮೇಲೆ ಡಬ್ಬಕ್ಕೆ ಹಾಕಿ.

ಹಂತ 8: ತೆಗೆದಿಡುವುದು, ಏರಿಸುವುದು

ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಒಳಗೆ ತೇವ ಕೂತು ಬೂಷ್ಟು ಬರುತ್ತದೆ. ಹಳೆಯ ಹಾರ್ಲಿಕ್ಸ್ ಗಾಜಿನ ಬಾಟಲಿ ಅಥವಾ ಬಿಸ್ಕತ್ ಡಬ್ಬ ಉತ್ತಮ. ತಳಕ್ಕೆ ಒಣ ಕಾಗದ, ಮೂಲೆಗೆ ಬಟ್ಟೆಯಲ್ಲಿ ಕಟ್ಟಿದ ಎರಡು ಬಿಲ್ಲೆ ಕರ್ಪೂರ. ಗೆಜ್ಜೆ ವಸ್ತ್ರವನ್ನು ಮಡಚಬೇಡಿ, ದೊಡ್ಡ ಸುತ್ತಾಗಿ ಸುತ್ತಿ. ಮೇಲೆ ಭಾರ ಬೇಡ. ಡಬ್ಬದ ಮೇಲೆ ಚೀಟಿ ಅಂಟಿಸಿ, ಯಾವ ಹಬ್ಬದ್ದು, ಎಷ್ಟು ಎಳೆ ಅಂತ ಬರೆದಿಡಿ. ಹಬ್ಬದ ಬೆಳಿಗ್ಗೆ ಎಣಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ. ಬಾಗಿನದ ಮೊರ ತುಂಬುವಾಗ ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆಯ ಜೊತೆ ಗೆಜ್ಜೆ ವಸ್ತ್ರ ಇಡುವ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ ಅದಕ್ಕೆ ಚಿಕ್ಕವನ್ನು ಬೇರೆಯಾಗಿ ಎತ್ತಿಡಿ.

ಏರಿಸುವಾಗ ಒಂದು ಎಚ್ಚರಿಕೆ. ಹಿಂಜಿದ ಹತ್ತಿ ಹೊತ್ತಿಕೊಂಡರೆ ಕ್ಷಣದಲ್ಲಿ ಮೇಲೇರುತ್ತದೆ. ದೀಪದ ಕಂಬ ವಿಗ್ರಹದಿಂದ ಕನಿಷ್ಠ ಒಂದು ಮೊಳ ದೂರ ಇರಲಿ. ಗೆಜ್ಜೆ ವಸ್ತ್ರದ ತುದಿ ಕೆಳಗೆ ಜೋತಾಡದ ಹಾಗೆ ಹೂವಿನ ಹಿಂದಕ್ಕೆ ಸಿಕ್ಕಿಸಿ. ಮಂಗಳಾರತಿ ಎತ್ತುವಾಗ ತಟ್ಟೆ ವಿಗ್ರಹದ ಹತ್ತಿರಕ್ಕೆ ಹೋಗದಿರಲಿ. ಪೂಜೆ ಮುಗಿದು ಎಲ್ಲರೂ ಊಟಕ್ಕೆ ಕೂತಾಗ ದೇವರ ಕೋಣೆಯಲ್ಲಿ ಫ್ಯಾನ್ ಹಾಕಿ ಬರುವವರು ಇದ್ದಾರೆ, ಅದು ಬೇಡವೇ ಬೇಡ.

ವಿಸರ್ಜನೆಗೆ ಮೊದಲು ಜರಿ, ಚಮ್ಕಿ, ಪಿನ್ನು ಇದ್ದರೆ ಬಿಡಿಸಿಕೊಳ್ಳಿ. ಬರೀ ಹತ್ತಿಯಾದರೆ ನಿರ್ಮಾಲ್ಯದ ಹೂವಿನ ಜೊತೆ ತೆಂಗಿನ ಮರದ ಬುಡಕ್ಕೆ ಹಾಕಬಹುದು, ಮಣ್ಣಿಗೆ ಸೇರುತ್ತದೆ. ಬೀಜ ತೆಗೆದಿಟ್ಟಿದ್ದರೆ ಎಸೆಯಬೇಡಿ. ಮುಂದಿನ ಮಳೆಗಾಲದ ಶುರುವಿಗೆ ನೀರು ನಿಲ್ಲದ, ಬಿಸಿಲು ಬೀಳುವ ಜಾಗ ನೋಡಿ ನಾಲ್ಕು ಬೀಜ ಊರಿ.